ಒತ್ತಿದ್ದು ಬಂತು, ಬಿಟ್ಟದ್ದು ಬರಲಿಲ್ಲ

ಕಣ್ಣಿಲ್ಲದವರೆಲ್ಲ ಸಾಧು ಸ್ವಭಾವದವರು ಎಂದು ನಂಬಿಕೊಂಡವರು ನಮ್ಮ ಕಚೇರಿಯ ಹಿರಿಯ ಗುಮಾಸ್ತರೊಬ್ಬರ ಪಕ್ಕದ ಟೇಬಲ್ಲಿನಲ್ಲಿ ಒಂದು ವಾರ ಕುಳಿತು ನೋಡಬೇಕಿತ್ತು. ನಾನು ವರ್ಷಗಟ್ಟಲೆ ಕುಳಿತೆ. ಮುಂಗೋಪ, ಮೊಂಡುತನ, ಎದುರಿಗಿದ್ದವರು ಮಾತು ಮುಗಿಸುವ ಮೊದಲೇ ಅದರಲ್ಲೊಂದು ತಪ್ಪು ಹುಡುಕುವ ಚಟ, ಎಲ್ಲವೂ ಅವರಲ್ಲಿ ಧಾರಾಳವಾಗಿದ್ದವು. ಈಚೆಗೆ ಅವರು ಬಸವನ ಬಾಗೇವಾಡಿಯಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬಂದ ದಿನ ನಾನು ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದಾಗ ನನ್ನ ಯಜಮಾನರು, "ದಿನಾ ಬೈಸ್ಕೊಂಡ ಬರ್ತಿದ್ದಿ. ಈಗ ಇಷ್ಟ್ಯಾಕ ಅಳಾಕತ್ತಿ?" ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. ಆಗ ಉತ್ತರ ಹೊಳೆಯಲಿಲ್ಲ, ಈಗ ಬರೆಯಲು ನೋಡುತ್ತೇನೆ.

ಸಿಂದಗಿಯ ಒಂದು ಸರಕಾರಿ ಕಚೇರಿಯಲ್ಲಿ ನಾವಿಬ್ಬರೂ ಗುಮಾಸ್ತರು. ಅವರು ಆಲಮೇಲದ ಕಡೆಯವರು, ನನಗಿಂತ ಹಿರಿಯರು. ನಾನು ಅವರನ್ನು 'ಸರ' ಎನ್ನುತ್ತಿದ್ದೆ, ಅವರು ನನ್ನನ್ನು 'ಬಾಯಾರ' ಎನ್ನುತ್ತಿದ್ದರು. ಪತ್ರದ ಕರಡು ಬರೆಯುವುದರಲ್ಲಿ ಇಡೀ ಜಿಲ್ಲೆಯಲ್ಲಿ ಅವರಿಗೆ ಹೆಸರಿತ್ತು. ಜಗಳಗಂಟ ಅರ್ಜಿದಾರನಿಗೂ ಮೇಲಿನ ಸಾಹೇಬರಿಗೂ ಒಂದೇ ಪತ್ರದಲ್ಲಿ ಉತ್ತರ ಕೊಟ್ಟು, ಇಬ್ಬರಿಗೂ ಸಿಟ್ಟು ಬಾರದಂತೆ ನೋಡಿಕೊಳ್ಳುವುದು ಸಣ್ಣ ಕೆಲಸವಲ್ಲ. ಬಾಯಲ್ಲಿ ಅಷ್ಟು ಒರಟಾದ ಮನುಷ್ಯ ಕಾಗದದ ಮೇಲೆ ಅಷ್ಟು ಸಭ್ಯನಾಗುತ್ತಿದ್ದುದು ಹೇಗೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಚಿಕ್ಕಂದಿನಿಂದ ಅವರಿಗೆ ಇರುಳುಗಣ್ಣು. ತಂದೆ ತಾಯಿಯದು ಸೋದರಮಾವನ ಸಂಬಂಧ, ಅದಕ್ಕೇ ಹೀಗೆ ಎಂದು ಡಾಕ್ಟರು ಹೇಳಿದ್ದರಂತೆ. ಮೊದಲು ಸಂಜೆ ಹೊತ್ತು ಕಾಣದಾಯಿತು, ಆಮೇಲೆ ಅಕ್ಕಪಕ್ಕ ಕಾಣದಾಯಿತು, ನಲವತ್ತರ ಹತ್ತಿರ ಬರುವಾಗ ಕಾಗದವೇ ಕಾಣದಾಯಿತು. ಅದನ್ನು ಅವರು ಬಹಳ ದಿನ ಮುಚ್ಚಿಟ್ಟರು. ಒಂದು ದಿನ ಹಾಜರಿ ಪುಸ್ತಕದ ಬದಲು ಟೇಬಲ್ಲಿಗೆ ಹಾಸಿದ ರೆಕ್ಸಿನ್ನಿನ ಮೇಲೆ ಸಹಿ ಮಾಡಿದರು. ಸಿಪಾಯಿ ನಕ್ಕ. ಅವತ್ತಿನಿಂದ ಕಚೇರಿಗೆಲ್ಲ ಗೊತ್ತಾಯಿತು.

ಕಣ್ಣು ಹೋಯಿತೆಂದು ಸರಕಾರಿ ನೌಕರನನ್ನು ತೆಗೆದುಹಾಕುವಂತಿಲ್ಲ, ಕಾನೂನು ಅಷ್ಟರಮಟ್ಟಿಗೆ ಒಳ್ಳೆಯದು. ಆದರೆ ಕೆಲಸ ಕೊಡದೆ ಕೂಡಿಸಬಹುದು. ನಮ್ಮ ಸಾಹೇಬರು ಕೆಟ್ಟವರಲ್ಲ. ಇವರ ಫೈಲುಗಳನ್ನೆಲ್ಲ ಉಳಿದವರಿಗೆ ಹಂಚಿ, "ಪಗಾರ ಬರ್ತೈತಲ್ರಿ, ಆರಾಮ ಕುಂಡ್ರಿ" ಎಂದು ಬೆನ್ನು ತಟ್ಟಿದರು. ಇವರು ಎದ್ದು ನಿಂತು, "ಸಾಹೇಬ್ರ, ಗಣಪತೀನ ಕುಂಡ್ರಿಸಿದ್ರ ಮುಂದ ಎತ್ತಿ ನೀರಾಗ ಬಿಡ್ತಾರ. ನನ್ನ ಯಾವಾಗ ಬಿಡ್ತೀರಿ?" ಎಂದರು. ಯಾರೂ ನಗಲಿಲ್ಲ.

ಕೆಲಸವಿಲ್ಲದೆ ಕುಳಿತ ಆ ದಿನಗಳಲ್ಲಿ ಅವರ ಬಾಯಿ ಇನ್ನಷ್ಟು ಹರಿತವಾಯಿತು. ಯಾರಾದರೂ ದೊಡ್ಡ ದನಿಯಲ್ಲಿ ಮಾತಾಡಿಸಿದರೆ, "ಕಣ್ಣ ಹೋಗ್ಯಾವ, ಕಿವಿ ಅದಾವ" ಎನ್ನುವರು. ಕುರುಡರು ಹೆಜ್ಜೆ ಸಪ್ಪಳದಲ್ಲೇ ಜನರನ್ನು ಗುರುತಿಸುತ್ತಾರೆ ಎಂದು ನಮ್ಮ ಕಚೇರಿಯ ನಂಬಿಕೆ. ಅವರಿಗೆ ಆ ವಿದ್ಯೆ ಸ್ವಲ್ಪವೂ ಬರುತ್ತಿರಲಿಲ್ಲ. ನಾನು ಒಳಗೆ ಬಂದರೆ ಸಿಪಾಯಿಯ ಹೆಸರು ಹಿಡಿದು ಚಹಾ ತರಲು ಹೇಳುವರು. ನಾನು ಎಂದು ಗೊತ್ತಾದ ಮೇಲೂ ತಪ್ಪು ಅವರದಲ್ಲ, "ಚಪ್ಪಲಿ ಯಾಕ ಬದಲಿ ಮಾಡಿದ್ರಿ?" ಎಂದು ನನಗೇ ಜೋರು ಮಾಡುವರು. ಚಪ್ಪಲಿ ಹಳೆಯದೇ ಇರುತ್ತಿತ್ತು.

ಒಮ್ಮೆ ರಜೆ ಹಾಕಿ ಬೆಂಗಳೂರಿಗೆ ಹೋಗಿ ಕೆಲವು ತಿಂಗಳು ಕಂಪ್ಯೂಟರ್ ತರಬೇತಿ ಪಡೆದು ಬಂದರು. ಬರುವಾಗ ಒಂದು ಸೀಡಿ ತಂದರು. ಪರದೆಯ ಮೇಲೆ ಇರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶ ಅದು, ಸ್ಕ್ರೀನ್ ರೀಡರ್ ಎನ್ನುತ್ತಾರೆ. ಕಚೇರಿಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿದ ದಿನ ಯಂತ್ರ ಮಾತಾಡುವುದನ್ನು ಕೇಳಲು ಹೊರಗಿನ ಚಹಾದಂಗಡಿಯವರೂ ಬಂದಿದ್ದರು. ಆದರೆ ಅದಕ್ಕೆ ಬರುತ್ತಿದ್ದುದು ಇಂಗ್ಲಿಷ್ ಮಾತ್ರ. ನಮ್ಮ ಪತ್ರಗಳೆಲ್ಲ ಕನ್ನಡದಲ್ಲಿ. ಅವರು 'ಕ' ಒತ್ತಿದರೆ ಅದು ಇಂಗ್ಲಿಷ್ ಅಕ್ಷರವೊಂದನ್ನು ಕೂಗುತ್ತಿತ್ತು, ಒತ್ತಕ್ಷರ ಬಂದರಂತೂ ಬಾಯಿಗೆ ಬಂದದ್ದು ಹೇಳುತ್ತಿತ್ತು.

ಹಾಗಾಗಿ ಅವರು ಸ್ಕ್ರಿಪ್ಟ್ ಬರೆಯಲು ಕುಳಿತರು. ಸ್ಕ್ರಿಪ್ಟ್ ಎಂದರೆ ಆ ತಂತ್ರಾಂಶಕ್ಕೆ ನಾವು ಬರೆದುಕೊಡುವ ಸೂಚನೆಗಳು: ಇಂಥ ಕೀ ಒತ್ತಿದರೆ ಇಂಥದ್ದು ಹೇಳು, ಇಂಥದ್ದು ಮಾಡು. ನನಗೆ ಅವರು ಅದನ್ನು ತಿಳಿಸಿದ ರೀತಿ ಹೀಗಿತ್ತು: "ಬಾಯಾರ, ಬಟನ್ ಒತ್ತಿದಾಗ ಒಂದ ಸುದ್ದಿ ಹೊಂಡತೈತಿ. ಬಿಟ್ಟಾಗ ಇನ್ನೊಂದ ಹೊಂಡತೈತಿ. ನನ್ನ ಸ್ಕ್ರಿಪ್ಟು ಊರ ಅಗಸಿ ಬಾಗಲದಾಗ ನಿಂತಿರತೈತಿ. ಸುದ್ದಿ ತಡದು, ನನ್ನ ಕಿವ್ಯಾಗ ಹೇಳಿ, ಮತ್ತ ಊರಾಗ ಬಿಡಬೇಕು." ತಂತ್ರಾಂಶದ ದನಿ ಕನ್ನಡವನ್ನು ಇಂಗ್ಲಿಷಿನ ನಾಲಗೆಯಲ್ಲೇ ಹೇಳಬೇಕಿತ್ತು. 'ಗೌರವಾನ್ವಿತರೇ' ಎಂಬುದನ್ನು ಅದು ಹೇಳುತ್ತಿದ್ದುದನ್ನು ಕೇಳಿ ನಾನು ಹೊರಗೆ ಹೋಗಿ ನಕ್ಕು ಬರುತ್ತಿದ್ದೆ.

ಮೊದಲ ದೊಡ್ಡ ಪತ್ರವನ್ನು ಅವರು ಒಂದು ಮಧ್ಯಾಹ್ನವೆಲ್ಲ ಕುಳಿತು ಟೈಪ್ ಮಾಡಿದರು. ಒಂದೊಂದು ಅಕ್ಷರವನ್ನೂ ಯಂತ್ರ ಸರಿಯಾಗಿ ಹೇಳುತ್ತಿತ್ತು. ಮುಖದಲ್ಲಿ ನಾನು ಎಂದೂ ಕಾಣದ ಖುಷಿ. ಪ್ರಿಂಟ್ ತೆಗೆದು ನನ್ನ ಕೈಗೆ ಕೊಟ್ಟು, "ಓದ್ರಿ" ಎಂದರು. ಖಾಲಿ ಹಾಳೆ. ನಾನು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. "ಓದ್ರಿ ಅಂದ್ನಿ" ಎಂದು ಗದರಿದರು. "ಏನೂ ಇಲ್ರಿ ಸರ" ಎಂದು ಹೇಳುವ ಪಾಳಿ ನನ್ನದಾಯಿತು. ಸ್ಕ್ರಿಪ್ಟು ಸುದ್ದಿಗಳನ್ನೆಲ್ಲ ತಡೆದು ಕಿವಿಗೆ ಹೇಳಿತ್ತು, ಮುಂದೆ ಬಿಟ್ಟಿರಲಿಲ್ಲ. ಆ ಒಂದು ಸೂಚನೆಯನ್ನು ಅವರು ಬರೆಯಲು ಮರೆತಿದ್ದರು. ತಿದ್ದಲು ಸ್ವಲ್ಪ ಹೊತ್ತು ಸಾಕಾಯಿತು. ಆದರೆ ಆ ಖಾಲಿ ಹಾಳೆ ಅವರ ಮನಸ್ಸಿನಿಂದ ಹೋಗಲಿಲ್ಲ. ಮುಂದೆ ಎಲ್ಲಿ ಏನು ಕೆಟ್ಟರೂ "ನನ್ನ ಸ್ಕ್ರಿಪ್ಟ್ ನುಂಗಾಕತ್ತೈತಿ" ಎಂದೇ ಅವರಿಗೆ ಅನಿಸತೊಡಗಿತು.

ಆಮೇಲೆ ಇನ್ನೊಂದು ತೊಡಕು ಬಂತು. ಕನ್ನಡ ಟೈಪಿಂಗಿನ ತಂತ್ರಾಂಶ ಒತ್ತಕ್ಷರ ಕೂಡಿಸುವಾಗ ಹಿಂದಿನ ಅಕ್ಷರವನ್ನು ತಾನೇ ಅಳಿಸಿ ಹೊಸದಾಗಿ ಬರೆಯುತ್ತದೆ. ಇವರ ಸ್ಕ್ರಿಪ್ಟು ಆ ಅಳಿಸುವಿಕೆಯನ್ನೂ ಇವರ ಬೆರಳೆಂದೇ ತಿಳಿದು, ಪ್ರತಿ ಒತ್ತಕ್ಷರಕ್ಕೂ 'ಅಳಿಸಿದೆ, ಅಳಿಸಿದೆ' ಎಂದು ಕೂಗುತ್ತಿತ್ತು. ಬೆರಳು ಒತ್ತಿದ್ದು ಯಾವುದು, ತಂತ್ರಾಂಶ ತಾನೇ ಕಳಿಸಿದ್ದು ಯಾವುದು ಎಂದು ಬೇರೆ ಮಾಡಲು ಬಹಳ ಹೆಣಗಿದರು. ಕೊನೆಗೂ ಮಾಡಿದರು. ಆ ದಿನ ಅವರೇ ದುಡ್ಡು ಕೊಟ್ಟು ಎಲ್ಲರಿಗೂ ಚಹಾ ತರಿಸಿದರು. ಅದು ಅವರ ಸ್ವಭಾವವಲ್ಲ.

ಆ ಖುಷಿಯಲ್ಲೇ ಇರಬೇಕು, ಸಾಹೇಬರ ಕೋಣೆಗೆ ಹೋಗಿ, "ನನ್ನ ಟೇಬಲ್ ನನಗ ಕೊಡ್ರಿ" ಎಂದರು. ಸಾಹೇಬರು ನೋಡೋಣ ನೋಡೋಣ ಎಂದರು. ಇವರಿಗೆ ರೇಗಿತು. "ವಿಜಾಪುರದ ದೊಡ್ಡ ಸಾಹೇಬ್ರು ತಪಾಸಣಿಗೆ ಬರ್ತಾರಲ್ರಿ, ಅವ್ರ ಮುಂದ ಯಾರ ಹಂಗೂ ಇಲ್ದ ಒಂದ ಪತ್ರ ಟೈಪ್ ಮಾಡಿ ಕೈಯಾಗ ಕೊಡ್ತೇನಿ. ಕೊಟ್ರ ಟೇಬಲ್ ನಂದು. ಆಗಲಿಲ್ಲಂದ್ರ ಅವತ್ತ ಸ್ವಯಂ ನಿವೃತ್ತಿ ಅರ್ಜಿ ಬರದ ಕೊಡ್ತೇನಿ" ಎಂದರು. ಯಾರೂ ಕೇಳದ ಪಂಥ. ಬಾಗಿಲ ಬಳಿ ನಿಂತಿದ್ದ ನಾನು ಕಣ್ಣುಸನ್ನೆ ಮಾಡಿದೆ, ಆಮೇಲೆ ನನ್ನ ಬುದ್ಧಿಗೆ ನಾನೇ ಬೈದುಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಯಂತ್ರಗಳಿಗೆಲ್ಲ ಪೂಜೆ ಆಗುತ್ತದೆ. ಇವರು ಆ ಕಂಪ್ಯೂಟರಿಗೆ ದಿನಾ ಪೂಜೆ ಮಾಡುತ್ತಿದ್ದರು. ಬೆಳಿಗ್ಗೆ ಬಂದವರೇ ಬೆರಳು ನೀರಲ್ಲಿ ಅದ್ದಿ, ವಿಭೂತಿ ತೇದು, ಕೀಬೋರ್ಡಿನ ಬಲಗಡೆ ಕೆಳಗಿನ ಅಗಲವಾದ ಸೊನ್ನೆಯ ಕೀಗೆ ಎಳೆಯುವರು. ಸೋಮವಾರ ಇನ್ನಷ್ಟು ದಪ್ಪಗೆ. ಅದೇ ಕೀ ಏಕೆ ಎಂದರೆ, ಆ ಸ್ಕ್ರೀನ್ ರೀಡರಿಗೆ ಅಪ್ಪಣೆ ಕೊಡುವುದು ಆ ಕೀ ಹಿಡಿದುಕೊಂಡೇ. ಅದನ್ನು ಒತ್ತಿ ಹಿಡಿದು ಇನ್ನೊಂದು ಅಕ್ಷರ ಒತ್ತಿದರೆ ಅದು ಟೈಪ್ ಆಗುವುದಿಲ್ಲ, ಹುಕುಮ್ ಆಗುತ್ತದೆ. "ಇದನ್ನ ಮಾತಾಡ್ಸೂ ಬಟನ್ ಇದು, ಪೂಜಿ ಇದಕ್ಕ ಆಗಬೇಕು" ಎನ್ನುವರು. ದೇವರ ವಿಷಯದಲ್ಲಿ ನಾವು ಯಾರೂ ಬಾಯಿ ಹಾಕಲಿಲ್ಲ.

ತಪಾಸಣೆ ಹತ್ತಿರ ಬರುತ್ತಿದ್ದಂತೆ ಹೊಸ ಕಾಟ ಶುರುವಾಯಿತು. ಚೆನ್ನಾಗಿ ಟೈಪ್ ಮಾಡುತ್ತ ಇರುವಾಗ ಯಂತ್ರ ಇದ್ದಕ್ಕಿದ್ದಂತೆ ಅಕ್ಷರಗಳನ್ನೆಲ್ಲ ಹುಕುಮ್ ಎಂದು ತಿಳಿಯುವುದು. 'ತ' ಒತ್ತಿದರೆ ಕಡತದ ಹೆಸರು ಓದುವುದು, ಇನ್ನೊಂದು ಒತ್ತಿದರೆ ಮೊದಲಿಂದ ಎಲ್ಲವನ್ನೂ ಓದಲು ಹಿಡಿಯುವುದು. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುವುದು. ಯಾವ ಯಾವ ಕೀಯ ಸುದ್ದಿ ಬಂತು ಎಂದು ಒಂದು ಕಡೆ ಬರೆದಿಡುವಂತೆ ಅವರು ಸ್ಕ್ರಿಪ್ಟಿಗೆ ಹೇಳಿದರು. ಯಂತ್ರದ ಬಾಯೇ ಕೆಟ್ಟಾಗ ಅದನ್ನು ಓದಿ ಹೇಳುವುದು ನನ್ನ ಕೆಲಸ.

"ಸೊನ್ನಿ ಒತ್ತಿತು. ಒತ್ತಿತು. ಒತ್ತಿತು," ಎಂದು ನಾನು ಓದುವೆ.

"ಬಿಟ್ಟದ್ದು?"

"ಇಲ್ರಿ."

"ಕೆಳಗ ನೋಡ್ರಿ ಸರಿಯಾಗಿ."

"ಇಲ್ರಿ ಸರ. ಒತ್ತಿದ್ದು ಬಂದೈತಿ, ಬಿಟ್ಟದ್ದು ಬಂದಿಲ್ಲ."

"ಅಂದ್ರ ನನ್ನ ಸ್ಕ್ರಿಪ್ಟ್ ನುಂಗಾಕತ್ತೈತಿ" ಎಂದು ಅವರು ತಲೆ ಹಿಡಿದುಕೊಳ್ಳುವರು. ಮತ್ತೆ ಮೊದಲಿಂದ ಬರೆಯುವರು. ಅದೇ ಸ್ಕ್ರಿಪ್ಟನ್ನು ಅವರು ಎಷ್ಟು ಸಲ ಹರಿದು ಹೊಲಿದರೋ ಲೆಕ್ಕವಿಲ್ಲ. ಪಕ್ಕದ ಇಂಡಿ ತಾಲೂಕಿನಿಂದ ಬರುತ್ತಿದ್ದ ರಿಪೇರಿಯವನು ಎಲ್ಲ ಕಾಯಿಲೆಗೂ ಹೇಳುವಂತೆ ಇದಕ್ಕೂ "ವೋಲ್ಟೇಜ್ ಪ್ರಾಬ್ಲೆಮ್ ಐತ್ರಿ" ಎಂದು ಹೇಳಿ ಹೋದ. ಬೇರೆ ಕೀಬೋರ್ಡು ಹಾಕಿ ನೋಡೋಣ ಎಂದು ನಾನೊಮ್ಮೆ ಅಂದೆ. ಅವರು ಹೌಹಾರಿದರು. ಆ ಕೀಬೋರ್ಡಿನ ಕೆಲವು ಕೀಗಳ ಮೇಲೆ ಬೆರಳಿಗೆ ಗುರುತು ಸಿಗಲೆಂದು ಅವರ ಹೆಂಡತಿ ಹಣೆಗೆ ಹಚ್ಚುವ ಟಿಕಳಿಗಳನ್ನು ಅಂಟಿಸಿಕೊಂಡಿದ್ದರು. ಅದನ್ನು ಬಿಟ್ಟರೆ ಅವರ ಕೈಗೆ ದಾರಿ ತಪ್ಪುತ್ತಿತ್ತು. "ತಪ್ಪ ಮಾಡಿದಾಂವ ನಾ ಇದ್ದೇನಿ. ಕೀಬೋರ್ಡಿಗ್ಯಾಕ ಬೈತೀರಿ?" ಎಂದರು.

ದೊಡ್ಡ ಸಾಹೇಬರು ಬಂದದ್ದು ಒಂದು ಸೋಮವಾರ. ಇವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಬಂದು, ಹಣೆಗೂ ಆ ಕೀಗೂ ವಿಭೂತಿ ಎಳೆದು ಕುಳಿತಿದ್ದರು. ದೊಡ್ಡ ಸಾಹೇಬರು ಒಂದು ವಿಷಯ ಕೊಟ್ಟರು. ಇವರು ಶುರು ಮಾಡಿದರು. ಎರಡು ಸಾಲು ಎಷ್ಟು ಸರಾಗವಾಗಿ ಹೋಯಿತೆಂದರೆ ದೊಡ್ಡ ಸಾಹೇಬರು ಕುರ್ಚಿ ಮುಂದೆ ಎಳೆದುಕೊಂಡರು. ನಡುವೆ ಒಮ್ಮೆ ಏನೋ ಕೇಳಿಸಿಕೊಳ್ಳಲು ಇವರು ಆ ಸೊನ್ನೆಯ ಕೀ ಒತ್ತಿದರು. ಮುಗಿಯಿತು. ಯಂತ್ರ ಕಡತದ ಹೆಸರನ್ನು ಕೂಗಿತು. ಮತ್ತೆ ಕೂಗಿತು. ಇವರು ಒತ್ತಿದ್ದಕ್ಕೆಲ್ಲ ಅದು ಬೇರೆ ಏನನ್ನೋ ಓದತೊಡಗಿತು. ಬೆವರು ಹಣೆಯ ವಿಭೂತಿಯ ಮೇಲೆ ಇಳಿಯಿತು. ಇವರು ಕೈ ಎತ್ತಲಿಲ್ಲ, ಒತ್ತುತ್ತಲೇ ಇದ್ದರು. ದೊಡ್ಡ ಸಾಹೇಬರು ಮೆಲ್ಲಗೆ ಎದ್ದು, "ಇರ್ಲಿ ಬಿಡ್ರಿ, ಪಾಪ, ತ್ರಾಸ ಕೊಡಬ್ಯಾಡ್ರಿ ಅವ್ರಿಗೆ" ಎಂದರು. ಆ 'ಪಾಪ' ಎಂಬ ಮಾತಿಗೆ ಇವರು ಕೈ ನಿಲ್ಲಿಸಿದರು.

ಸಂಜೆ ನನ್ನನ್ನು ಕರೆದು ಸ್ವಯಂ ನಿವೃತ್ತಿಯ ಅರ್ಜಿಯನ್ನು ಹೇಳಿ ಬರೆಸಿದರು. ನಾನು ಬೇಡ ಎಂದೆ, ಬೇಡಿಕೊಂಡೆ, ಕಾನೂನು ಹೇಳಿದೆ. "ಬರ್ಕೋರಿ" ಎಂದರು, ಅಷ್ಟೇ. ಅದೂ ಒಂದು ಕರಡೇ. ಒಂದು ಅಕ್ಷರ ತಿದ್ದುವಂತಿರಲಿಲ್ಲ. ಬರೆಯುತ್ತ ಬರೆಯುತ್ತ ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಅರ್ಜಿ ಮಂಜೂರಾಗಿ ಅವರು ಹೆಂಡತಿಯ ತವರಾದ ಬಸವನ ಬಾಗೇವಾಡಿಗೆ ಹೋದರು. ಆ ಕಂಪ್ಯೂಟರ್ ನನ್ನ ಟೇಬಲ್ಲಿಗೆ ಬಂತು. ಒಂದು ದಿನ ಅಂಕಿ ಹೊಡೆಯುವಾಗ ಸೊನ್ನೆಗಳು ತಾವಾಗಿ ಸಾಲುಗಟ್ಟಿ ಓಡತೊಡಗಿದವು. ಕೀ ಒಳಗೆ ಹೋದದ್ದು ಮೇಲೆ ಬರುತ್ತಿಲ್ಲ. ತಲೆಯ ಪಿನ್ನು ತೆಗೆದು ಕೀಯನ್ನು ಮೀಟಿದೆ. ಅಡಿಯಲ್ಲಿ ವಿಭೂತಿ ನೀರು ಹೀರಿ, ಒಣಗಿ, ಮತ್ತೆ ಹೀರಿ, ಗಟ್ಟಿ ಗಾರೆಯಾಗಿ ಕೂತಿತ್ತು. ಸ್ಕ್ರಿಪ್ಟು ಏನನ್ನೂ ನುಂಗಿರಲಿಲ್ಲ. ಕೀ ಬಿಟ್ಟುಕೊಂಡಿರಲೇ ಇಲ್ಲ, ಬಿಟ್ಟ ಸುದ್ದಿ ಬರುವುದೆಲ್ಲಿಂದ? ಕೆರೆದು ತೆಗೆದು, ಅವರ ಸ್ಕ್ರಿಪ್ಟು ಹಾಕಿ, ಕಣ್ಣು ಮುಚ್ಚಿಕೊಂಡು ಟೈಪ್ ಮಾಡಿ ನೋಡಿದೆ. ಎಲ್ಲಿಯೂ ತಪ್ಪಲಿಲ್ಲ.

ಆ ಕೀಯನ್ನು ಮತ್ತೆ ಬಿಚ್ಚಿ ಹಿಡಿದುಕೊಂಡು ಸಾಹೇಬರ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿದರು, ಮರುಗಿದರು. "ಅರ್ಜಿ ಅವ್ರ ಕೊಟ್ಟದ್ದು ಬಾಯಾರ. ಮಂಜೂರ ಆಗೈತಿ. ಇನ್ನ ಯಾರೂ ಏನೂ ಮಾಡಾಕ ಬರೂದಿಲ್ಲ" ಎಂದರು.

ಮುಂದಿನ ರವಿವಾರ ಹಿಪ್ಪರಗಿ ಮೇಲೆ ಹೋಗುವ ಬಸ್ಸು ಹಿಡಿದು ಬಾಗೇವಾಡಿಗೆ ಹೋದೆ. ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಒದ್ದಾಡಿದೆ. ಹೇಳಿದೆ. ಅವರು ಹೊರಸಿನ ಮೇಲೆ ಕುಳಿತು ಕೇಳಿದರು. "ಹಂಗಾರ ಸ್ಕ್ರಿಪ್ಟಿನ್ಯಾಗ ತಪ್ಪಿದ್ದಿಲ್ಲ?" ಎಂದರು. "ಇದ್ದಿಲ್ರಿ ಸರ." ಮತ್ತೊಮ್ಮೆ ಅದನ್ನೇ ಕೇಳಿದರು, ನಾನು ಮತ್ತೊಮ್ಮೆ ಅದನ್ನೇ ಹೇಳಿದೆ. ಜೋರಾಗಿ ನಕ್ಕರು. ನಗು ನಿಲ್ಲುವಾಗ ಅಳು ಬಂತು. ಅವರ ಹೆಂಡತಿ, ನನಗೆ ವೈನಿ, ಒಳಗಿನಿಂದ ಓಡಿ ಬಂದು ನನ್ನನ್ನು ದುರುಗುಟ್ಟಿ ನೋಡಿದರು. ಆಕೆ ನೋಡಿದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ ಆ ಸುದ್ದಿ ಅವರನ್ನು ಎಬ್ಬಿಸಿತು. ಹೆಂಡತಿಯ ತಮ್ಮನಿಗೆ ಹೇಳಿ ಒಂದು ಕಂಪ್ಯೂಟರ್ ಕೊಳ್ಳಿಸಿದರು, ನಾನು ಸ್ಕ್ರಿಪ್ಟನ್ನು ಸೀಡಿಯಲ್ಲಿ ಒಯ್ದು ಕೊಟ್ಟೆ. ಹೊಸ ಕೀಬೋರ್ಡಿಗೆ ಟಿಕಳಿ ಅಂಟಿತು, ವಿಭೂತಿ ಹಣೆಯಲ್ಲೇ ಉಳಿಯಿತು. "ಯಾವದರ ಒಂದ ವಿಷಯ ತರ್ರಿ ಬಾಯಾರ, ಖರೇ ಕಚೇರಿ ವಿಷಯ" ಎಂದು ಗಂಟುಬಿದ್ದರು. ನಮ್ಮಲ್ಲಿ ಆಗ ಒಂದು ತಂಟೆಯ ಪತ್ರಕ್ಕೆ ಉತ್ತರ ಬರೆಯಲಾಗದೆ ಎಲ್ಲರೂ ಕೈಚೆಲ್ಲಿದ್ದರು. ವಿಷಯ ಹೇಳಿದೆ. ಅವರು ನನ್ನೆದುರೇ ಕುಳಿತು ಟೈಪ್ ಮಾಡಿದರು. ಯಂತ್ರ ತನ್ನ ಇಂಗ್ಲಿಷ್ ನಾಲಗೆಯಲ್ಲಿ ಒಂದೊಂದೇ ಅಕ್ಷರ ಹೇಳುತ್ತ ಹೋಯಿತು. ಎಲ್ಲಿಯೂ ತಡವರಿಸಲಿಲ್ಲ. ಪ್ರಿಂಟ್ ತೆಗೆದು ಕೊಟ್ಟರು. ನಾನು ಗಟ್ಟಿಯಾಗಿ ಓದಿದೆ, ಅವರು ಕಣ್ಣು ಮುಚ್ಚಿ ಕೇಳಿದರು.

ಮರುದಿನ ಅದನ್ನು ಹಾಗೇ ಸಾಹೇಬರ ಮುಂದಿಟ್ಟೆ. ಕರಡು ಮಂಡಿಸಿದ ಗುಮಾಸ್ತರು ಕೆಳಗೆ ಎಡಮೂಲೆಯಲ್ಲಿ ಸಣ್ಣ ಸಹಿ ಹಾಕುವುದು ಪದ್ಧತಿ. ಹಾಕಿದೆ, ಇಲ್ಲದಿದ್ದರೆ ಫೈಲು ಮುಂದೆ ಹೋಗುವುದಿಲ್ಲ. ಸಾಹೇಬರು ಓದಿ, ತಿದ್ದದೆ ಸಹಿ ಮಾಡಿ, "ಈಗ ಬರಿಯಾಕ ಕಲತ್ರಿ ನೋಡ್ರಿ" ಎಂದರು. ಬರೆದವರು ಯಾರೆಂದು ಹೇಳಿದೆ. ಅವರು ಪೆನ್ನಿನ ಟೋಪಿ ಹಾಕುತ್ತ ಕೆಳಗೆ ನೋಡಿದರು.

ನನಗೆ ತಡೆಯಲಾಗಲಿಲ್ಲ. ಹೊರಗಿನ ಎಸ್‌ಟಿಡಿ ಅಂಗಡಿಗೆ ಓಡಿ ಬಾಗೇವಾಡಿಗೆ ಫೋನ್ ಹಚ್ಚಿದೆ.

"ಸರ, ಒಂದಕ್ಷರ ತಿದ್ದಲಿಲ್ರಿ. ಸಹಿ ಆತು, ಪತ್ರ ಹೋತು."

"ಕೆಳಗ ಸಣ್ಣ ಸಹಿ ಯಾರದು?" ಎಂದು ಕೇಳಿದರು.

"ನಂದ್ರಿ."

"ಹೂಂ. ಮತ್ತ ಯಾರದ್ದಿರತೈತಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಹೆದರಿಕೆಯಾದದ್ದೇ ಅದಕ್ಕೆ. "ಇನ್ನ ವಿಷಯ ತರಬ್ಯಾಡ್ರಿ ಬಾಯಾರ."

"ಯಾಕ್ರಿ ಸರ? ಈಗ ಎಲ್ಲಾ ಸರಿ ಆಗೈತಲ್ರಿ?"

"ಅದಕ್ಕ" ಎಂದರು. "ಸ್ಕ್ರಿಪ್ಟ್ ಕೆಟ್ಟೈತಿ ಅನ್ಕೊಂಡಾಗ ದಿನಾ ರಿಪೇರಿ ಮಾಡೂದರ ಇತ್ತು. ಈಗ ಎಲ್ಲಾ ಸರಿ ಐತಿ. ಕೆಲಸ ಒಂದ ಇಲ್ಲ."

ಫೋನು ಇಟ್ಟರು. ಆಮೇಲೆ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಬಾಗೇವಾಡಿಯ ಮೇಲೆ ಹೋಗುವಾಗ ಆಗಾಗ ಇಳಿದು ನೋಡಿ ಬರುತ್ತಿದ್ದೆ. ಚಹಾ ಕುಡಿಸುವರು, ಬೈಯುವುದನ್ನು ಪೂರ್ತಿ ಬಿಟ್ಟಿದ್ದರು. ಆ ಯಂತ್ರದ ಮುಂದೆ ಅವರು ಮತ್ತೆ ಕುಳಿತುಕೊಳ್ಳಲೇ ಇಲ್ಲ ಎಂದು ವೈನಿ ಹೇಳಿದರು.